ಕಿವಿ ಕೇಳದವರಿಗೆ ಮೊಬೈಲ್ ಫೋನು: ಯಾವುದು, ಯಾರಿಗೆ, ಹೇಗೆ?

ಫೋನು ಎಂದರೆ ಕಿವಿಗೆ ಹಿಡಿದು ಮಾತನಾಡುವ ಸಾಧನ, ಕಿವಿ ಕೇಳದವರಿಗೆ ಅದರಿಂದ ಏನು ಉಪಯೋಗ ಎಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ ಹುಟ್ಟುಕಿವುಡರಾದ ತರುಣ ತರುಣಿಯರ ಕೈಯಲ್ಲೂ ಇಂದು ಮೊಬೈಲ್ ಇದೆ. ಅವರು ಸಂದೇಶ ಕಳಿಸುತ್ತಾರೆ, ವಿಡಿಯೊ ಕರೆಯಲ್ಲಿ ಸನ್ನೆ ಭಾಷೆಯಿಂದ ಹರಟುತ್ತಾರೆ, ಎದುರಿನವರು ಆಡಿದ ಮಾತನ್ನು ಪರದೆಯ ಮೇಲೆ ಅಕ್ಷರವಾಗಿ ಓದುತ್ತಾರೆ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ, ವಯಸ್ಸಿನಿಂದ ಕಿವಿ ಮಂದವಾದ ಅಜ್ಜ ಫೋನು ಬಂದೊಡನೆ ಅದನ್ನು ಮೊಮ್ಮಗಳ ಕೈಗೆ ಕೊಟ್ಟು ಸುಮ್ಮನೆ ಕುಳಿತುಬಿಡುತ್ತಾರೆ.

ಇದು ಎಂಜಿನಿಯರರ ವಿಷಯ, ಆರೋಗ್ಯದ ಅಂಕಣದಲ್ಲಿ ಏಕೆ ಎಂದು ನಿಮಗೆ ಅನ್ನಿಸಬಹುದು. ಕಿವಿ ಕೇಳದ ರೋಗಿಗೆ ತೊಂದರೆಯಾಗುವುದು ಎಷ್ಟೋ ಸಲ ಔಷಧಿ ಇಲ್ಲದೆ ಅಲ್ಲ, ಸುದ್ದಿ ತಲುಪದೆ. ರಕ್ತಪರೀಕ್ಷೆಯ ವರದಿಯಲ್ಲಿ ಏರುಪೇರಿದೆ ಎಂದು ತಿಳಿಸಲು ಪ್ರಯೋಗಾಲಯದವರು ಕರೆ ಮಾಡುತ್ತಾರೆ, ರೋಗಿ ಎತ್ತುವುದಿಲ್ಲ, ವಿಷಯ ಅಲ್ಲಿಗೇ ನಿಲ್ಲುತ್ತದೆ. ರಾತ್ರಿ ಮಗುವಿಗೆ ಜ್ವರ ಏರಿದಾಗ ಕಿವುಡ ತಾಯಿ ಯಾರನ್ನು ಹೇಗೆ ಕರೆಯಬೇಕು? ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂಬ ಸಣ್ಣ ಸಂದೇಹವನ್ನು ಯಾರಲ್ಲಿ ಕೇಳಬೇಕು? ಇಂಥ ಕಡೆ ಒಂದು ಫೋನು ಔಷಧಿಯಷ್ಟೇ ಮುಖ್ಯವಾಗುತ್ತದೆ.

ಕಿವುಡರಿಗಾಗಿ ಫೋನಿನ ಸಾಧನಗಳು ಹೇಗೆ ಬೆಳೆದು ಬಂದವು, ಯಾವುದು ಯಾರಿಗೆ ಹೊಂದುತ್ತದೆ, ಮನೆಯವರು ಏನು ಮಾಡಬೇಕು ಎಂಬುದನ್ನು ಈ ವಾರ ತಿಳಿಯೋಣ.

ಕಿವುಡುತನ ಒಂದೇ ಬಗೆಯದಲ್ಲ

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಚಿಕಿತ್ಸೆ ಅಥವಾ ಪುನರ್ವಸತಿ ಬೇಕಾಗುವಷ್ಟು ಶ್ರವಣ ನಷ್ಟ ಇರುವವರು ಜಗತ್ತಿನಲ್ಲಿ ಸುಮಾರು 43 ಕೋಟಿ ಜನ. ಭಾರತದ 2011ರ ಜನಗಣತಿಯಲ್ಲಿ ಶ್ರವಣ ದೋಷವುಳ್ಳವರೆಂದು ದಾಖಲಾದವರು 50 ಲಕ್ಷಕ್ಕೂ ಹೆಚ್ಚು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಮಾತಿನ ಧ್ವನಿಗಳ ಮಟ್ಟಿಗೆ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡರೆಂದೂ, 60ರಿಂದ 70 ಡೆಸಿಬೆಲ್ ಇದ್ದರೆ ಮಂದ ಶ್ರವಣದವರೆಂದೂ ಹೇಳುತ್ತದೆ. ನಾವು ಎದುರುಬದುರು ಕುಳಿತು ಸಾಮಾನ್ಯವಾಗಿ ಆಡುವ ಮಾತು ಸುಮಾರು 60 ಡೆಸಿಬೆಲ್. ಅಂದರೆ ಇವರಿಗೆ ಆ ಮಾತು ಕೇಳಿಸುವುದೇ ಇಲ್ಲ, ಕೇಳಿಸಿದರೂ ಪಿಸುಮಾತಿನಂತೆ.

ಫೋನಿನ ದೃಷ್ಟಿಯಿಂದ ನೋಡಿದರೆ ಕಿವಿ ಕೇಳದವರನ್ನು ಮೂರು ಗುಂಪು ಮಾಡಬಹುದು.

ಮೊದಲನೆಯವರು ವಯಸ್ಸು, ಗದ್ದಲದ ಕೆಲಸ, ಸೋರುವ ಕಿವಿ ಮುಂತಾದ ಕಾರಣಗಳಿಂದ ಸ್ವಲ್ಪಮಟ್ಟಿಗೆ ಶ್ರವಣ ಕಳೆದುಕೊಂಡವರು. ಇವರಿಗೆ ಧ್ವನಿಯನ್ನು ಹೆಚ್ಚಿಸಿ, ಸ್ಪಷ್ಟಗೊಳಿಸಿ ಕೊಟ್ಟರೆ ಬಹಳಷ್ಟು ಕೆಲಸ ನಡೆಯುತ್ತದೆ.

ಎರಡನೆಯವರು ಓದುಬರಹ ಕಲಿತ ಮೇಲೆ ಕಿವುಡರಾದವರು. ಮೆದುಳುಪೊರೆಯ ಉರಿಯೂತ, ಜೆಂಟಮೈಸಿನ್‌ನಂಥ ಕೆಲವು ಚುಚ್ಚುಮದ್ದುಗಳ ಅಡ್ಡಪರಿಣಾಮ, ತಲೆಗೆ ಬಿದ್ದ ಪೆಟ್ಟು ಇದಕ್ಕೆ ಕಾರಣಗಳಾಗಬಹುದು. ಇವರ ಭಾಷೆ ಕನ್ನಡವೇ. ಅಕ್ಷರದಲ್ಲಿ ಕೊಟ್ಟರೆ ಇವರು ಸರಾಗವಾಗಿ ಓದುತ್ತಾರೆ.

ಮೂರನೆಯವರು ಹುಟ್ಟಿನಿಂದಲೇ ಅಥವಾ ಮಾತು ಕಲಿಯುವ ಮೊದಲೇ ಕಿವುಡರಾದವರು. ಗರ್ಭಿಣಿಗೆ ತಗುಲಿದ ರುಬೆಲ್ಲಾ, ನವಜಾತ ಶಿಶುವಿನ ತೀವ್ರ ಕಾಮಾಲೆ, ವಂಶವಾಹಿ ದೋಷಗಳು ಇಲ್ಲಿ ಕಾರಣ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ಸಂಬಂಧದಲ್ಲೇ ಮದುವೆಯಾಗುವ ಮನೆತನಗಳಲ್ಲಿ ವಂಶವಾಹಿ ಕಿವುಡುತನ ಹೆಚ್ಚು. ಇವರಲ್ಲಿ ಸನ್ನೆ ಭಾಷೆಯನ್ನೇ ತಮ್ಮ ಮೊದಲ ಭಾಷೆಯಾಗಿ ಬಳಸುವವರು ಅನೇಕರು. ಅವರಿಗೆ ಕನ್ನಡವಾಗಲಿ ಇಂಗ್ಲಿಷ್ ಆಗಲಿ ಕಿವಿಯಿಂದ ಬಾರದೆ, ಪುಸ್ತಕದಿಂದ ಕಷ್ಟಪಟ್ಟು ಕಲಿತ ಎರಡನೆಯ ಭಾಷೆ. "ಬರೆದು ತೋರಿಸಿದರೆ ಆಯಿತಲ್ಲ" ಎಂದು ನಾವು ತಿಳಿಯುವುದು ಇವರ ವಿಷಯದಲ್ಲಿ ಎಲ್ಲ ವೇಳೆಯೂ ಸರಿಯಲ್ಲ.

ಈ ಮೂರು ಗುಂಪಿಗೂ ಒಂದೇ ಸಾಧನ ಕೊಟ್ಟರೆ ಕನಿಷ್ಠ ಇಬ್ಬರಿಗೆ ಅದು ನಿರುಪಯೋಗಿ. ಇದು ಈ ಲೇಖನದ ಮೊದಲ ಪಾಠ.

ಫೋನು ಕಿವುಡರನ್ನು ಹೊರಗಿಟ್ಟ ಕಾಲ

ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಅವರ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ಮುಂದೆ ಅವರ ಕೈಹಿಡಿದ ಮೇಬಲ್ ಬಾಲ್ಯದಲ್ಲೇ ಸ್ಕಾರ್ಲೆಟ್ ಜ್ವರದಿಂದ ಶ್ರವಣ ಕಳೆದುಕೊಂಡವರು. ಬೆಲ್ ಸ್ವತಃ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆದರೂ ಅವರ ಉಪಕರಣ ಮನೆಮನೆಗೆ, ಅಂಗಡಿ ಕಚೇರಿಗಳಿಗೆ ಬಂದಂತೆಲ್ಲ ಕಿವುಡರು ಇನ್ನಷ್ಟು ದೂರ ಉಳಿದರು. ಮೊದಲು ಚೀಟಿಯಲ್ಲಿ, ಕಾಗದದಲ್ಲಿ ನಡೆಯುತ್ತಿದ್ದ ವ್ಯವಹಾರಗಳು ಫೋನಿಗೆ ಹೋದವು. ಫೋನು ಎತ್ತಲಾಗದವರಿಗೆ ಕೆಲಸ ಸಿಗುವುದೂ ಕಷ್ಟವಾಯಿತು.

ಈ ತಡೆಯನ್ನು ಮುರಿದವರು ಕಿವುಡರೇ. 1964ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿ, ಹಳೆಯ ಟೆಲಿಪ್ರಿಂಟರ್ ಯಂತ್ರದ ಅಕ್ಷರಗಳನ್ನು ಧ್ವನಿಯ ಸಂಕೇತಗಳಾಗಿ ಮಾಡಿ ಸಾಧಾರಣ ಟೆಲಿಫೋನ್ ತಂತಿಯಲ್ಲೇ ಕಳಿಸುವ ಜೋಡಣೆಯೊಂದನ್ನು ರೂಪಿಸಿದರು. ಜೇಮ್ಸ್ ಮಾರ್ಸ್ಟರ್ಸ್ ಎಂಬ ಕಿವುಡ ದಂತವೈದ್ಯರು ಮತ್ತು ಆಂಡ್ರ್ಯೂ ಸ್ಯಾಕ್ಸ್ ಎಂಬ ಇನ್ನೊಬ್ಬ ಕಿವುಡರು ಅವರ ಜೊತೆಗಾರರು. ಈ ಕಡೆ ಕೀಲಿ ಒತ್ತಿದರೆ ಆ ಕಡೆ ಅಕ್ಷರ ಮೂಡುತ್ತಿತ್ತು. ಟೆಲಿಫೋನು ಹುಟ್ಟಿ ಸುಮಾರು 90 ವರ್ಷಗಳ ಮೇಲೆ ಕಿವುಡರು ಹೀಗೆ ಮೊದಲ ಬಾರಿಗೆ ಯಾರ ಸಹಾಯವೂ ಇಲ್ಲದೆ ಫೋನಿನಲ್ಲಿ ಪರಸ್ಪರ ಮಾತನಾಡಿದರು.

ಮುಂದೆ ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯಿದೆಯು, ಕಿವುಡರಿಗೂ ಕೇಳಬಲ್ಲವರಿಗೂ ಮಧ್ಯೆ ನಿಂತು ಮಾತನ್ನು ಅಕ್ಷರಕ್ಕೂ ಅಕ್ಷರವನ್ನು ಮಾತಿಗೂ ತಿರುಗಿಸುವ ರಿಲೇ ಸೇವೆಯನ್ನು ಫೋನು ಕಂಪನಿಗಳು ಒದಗಿಸಲೇಬೇಕೆಂದು ವಿಧಿಸಿತು.

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಮೊಬೈಲ್ ಸಂದೇಶ ಹೊರಟಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆ ಮತ್ತು ದೆಹಲಿಯ ನಡುವೆ. ಈ ಎಸ್.ಎಂ.ಎಸ್. ಸೇವೆಯನ್ನು ಕಿವುಡರಿಗಾಗಿ ಮಾಡಿದ್ದಲ್ಲ. ಆದರೆ ಅದರ ದೊಡ್ಡ ಲಾಭ ಪಡೆದವರಲ್ಲಿ ಅವರೂ ಸೇರಿದರು. ಜೇಬಿನಲ್ಲಿ ಫೋನು ನಡುಗಿದರೆ ಸಾಕು, ಸುದ್ದಿ ಬಂದಿದೆ ಎಂದು ತಿಳಿಯುತ್ತದೆ. ಅದಕ್ಕಾಗಿ ಬೇರೆ ಯಂತ್ರ ಬೇಕಿಲ್ಲ, ಎಲ್ಲರ ಕೈಯಲ್ಲಿರುವ ಫೋನೇ ಸಾಕು.

ಆದರೆ ಸಂದೇಶವನ್ನು ಬರೆಯಲು ಅಕ್ಷರ ಬೇಕು, ಭಾಷೆ ಬೇಕು. ಸನ್ನೆಯಲ್ಲಿ ಕ್ಷಣದಲ್ಲಿ ಹೇಳಬಹುದಾದ ಮಾತನ್ನು ಟೈಪು ಮಾಡಿ ಕಳಿಸಿ, ಉತ್ತರಕ್ಕೆ ಕಾದು, ಮತ್ತೆ ಟೈಪು ಮಾಡಬೇಕು. ಸನ್ನೆ ಭಾಷೆಯನ್ನೇ ಫೋನಿನಲ್ಲಿ ಕಳಿಸಲು ಆಗದೇ ಎಂಬ ಪ್ರಶ್ನೆ ಹೀಗೆ ಎದ್ದಿತು.

ಸಿಯಾಟಲ್‌ನಲ್ಲಿ ನಡೆದ ಪ್ರಯೋಗ

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕಾರ್ನೆಲ್ ವಿಶ್ವವಿದ್ಯಾಲಯದವರ ಜೊತೆ ಸೇರಿ 2000ದ ದಶಕದ ಮಧ್ಯದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಯೋಜನೆಯ ಹೆಸರು 'ಮೊಬೈಲ್ ಎ.ಎಸ್.ಎಲ್.', ಎ.ಎಸ್.ಎಲ್. ಎಂದರೆ ಅಮೆರಿಕದ ಸನ್ನೆ ಭಾಷೆ. ಮುಂದಾಳುಗಳು ಈವ್ ರಿಸ್ಕಿನ್ ಮತ್ತು ರಿಚರ್ಡ್ ಲ್ಯಾಡ್ನರ್ ಎಂಬ ಪ್ರಾಧ್ಯಾಪಕರು. ಲ್ಯಾಡ್ನರ್ ಅವರ ತಂದೆ ತಾಯಿ ಇಬ್ಬರೂ ಕಿವುಡರು, ಕಿವುಡ ಮಕ್ಕಳ ಶಾಲೆಯ ಶಿಕ್ಷಕರು.

ಆಗಿನ ಮೊಬೈಲ್ ಜಾಲ ಬಹಳ ನಿಧಾನದ್ದು. ವಿಡಿಯೊ ಕಳಿಸಿದರೆ ಚಿತ್ರ ಒಡೆದು ಚೂರುಚೂರಾಗಿ ಕಾಣುತ್ತಿತ್ತು. ಇರುವ ಸಣ್ಣ ದಾರಿಯಲ್ಲಿ ಇಡೀ ಚಿತ್ರವನ್ನು ಚೆನ್ನಾಗಿ ಕಳಿಸಲು ಸಾಧ್ಯವಿಲ್ಲ. ಹಾಗಾದರೆ ಚಿತ್ರದ ಯಾವ ಭಾಗ ಅತಿ ಮುಖ್ಯ? ನೀವು, ನಾನು ಉತ್ತರ ಹೇಳುವುದಾದರೆ "ಕೈಗಳು" ಎನ್ನುತ್ತೇವೆ. ಸನ್ನೆ ಮಾಡುವುದು ಕೈಯಲ್ಲವೇ?

ಕಿವುಡರ ಕಣ್ಣಿನ ಚಲನೆಯನ್ನು ಅಳೆದು ನೋಡಿದ ಅಧ್ಯಯನಗಳು ಬೇರೆಯದನ್ನೇ ತೋರಿಸಿದವು. ಸನ್ನೆ ಭಾಷೆ ಬಲ್ಲವರು ಎದುರಿನವರ ಕೈಯನ್ನು ನೆಟ್ಟು ನೋಡುವುದಿಲ್ಲ. ಬಹುಪಾಲು ಹೊತ್ತು ಮುಖವನ್ನೇ ನೋಡುತ್ತಾರೆ. ಕೈಯ ಚಲನೆ ಅವರಿಗೆ ಕಣ್ಣಂಚಿನಲ್ಲೇ ತಿಳಿಯುತ್ತದೆ. ಏಕೆಂದರೆ ಸನ್ನೆ ಭಾಷೆಯ ವ್ಯಾಕರಣದ ದೊಡ್ಡ ಪಾಲು ಮುಖದಲ್ಲಿದೆ. ಅವೇ ಸನ್ನೆಗಳನ್ನು ಹುಬ್ಬು ಏರಿಸಿ ಮಾಡಿದರೆ ಪ್ರಶ್ನೆಯಾಗುತ್ತದೆ, ತಲೆ ಅಲ್ಲಾಡಿಸುತ್ತ ಮಾಡಿದರೆ ನಿಷೇಧವಾಗುತ್ತದೆ. ಬಾಯಿಯ ಆಕಾರ, ಕೆನ್ನೆ, ದೃಷ್ಟಿ ಎಲ್ಲಕ್ಕೂ ಅರ್ಥವಿದೆ.

ಇದನ್ನು ತಿಳಿದ ಮೇಲೆ ಸಂಶೋಧಕರು ಮುಖ ಮತ್ತು ಕೈಗಳಿರುವ ಭಾಗವನ್ನು ಹೆಚ್ಚು ಸ್ಪಷ್ಟವಾಗಿಯೂ ಹಿನ್ನೆಲೆಯ ಗೋಡೆ, ಕಿಟಕಿಗಳನ್ನು ಮಸುಕಾಗಿಯೂ ಕಳಿಸುವ ವಿಧಾನ ರೂಪಿಸಿದರು. ಸನ್ನೆ ಬಲ್ಲವರಿಗೆ ಚಿತ್ರಗಳನ್ನು ತೋರಿಸಿ ಅಭಿಪ್ರಾಯ ಕೇಳಿದಾಗ, ಸೆಕೆಂಡಿಗೆ 15 ಮಸುಕು ಚಿತ್ರಗಳಿಗಿಂತ 10 ಸ್ಪಷ್ಟ ಚಿತ್ರಗಳೇ ವಾಸಿ ಎಂದು ಅವರು ಹೇಳಿದರು. ವಿಡಿಯೊ ಕರೆಯಲ್ಲಿ ಬ್ಯಾಟರಿ ಬೇಗ ಮುಗಿಯುವ ತೊಂದರೆಗೂ ಉಪಾಯ ಕಂಡುಕೊಂಡರು: ಒಬ್ಬರು ಸನ್ನೆ ಮಾಡುತ್ತಿರುವಾಗ ಇನ್ನೊಬ್ಬರು ಸುಮ್ಮನೆ ನೋಡುತ್ತಿರುತ್ತಾರಷ್ಟೆ. ಹಾಗೆ ಸುಮ್ಮನಿರುವವರ ಚಿತ್ರವನ್ನು ಕಡಿಮೆ ವೇಗದಲ್ಲಿ ಕಳಿಸಿದರೆ ಸಾಕು.

2010ರ ಬೇಸಿಗೆಯಲ್ಲಿ 11 ವಿದ್ಯಾರ್ಥಿಗಳ ಕೈಗೆ ಈ ಫೋನುಗಳನ್ನು ಕೊಟ್ಟು ಪರೀಕ್ಷಿಸಲಾಯಿತು. ಅವರ ಕರೆಗಳು ಸರಾಸರಿ ಒಂದೂವರೆ ನಿಮಿಷದವು. ಎಲ್ಲಿದ್ದೀಯ, ಯಾವಾಗ ಬರುತ್ತೀಯ, ಊಟ ಆಯಿತೇ ಎಂಬಂಥ, ನಾವೆಲ್ಲ ದಿನವೂ ಆಡುವಷ್ಟೇ ಉದ್ದದ ಮಾತು! ಅದೇ ವರ್ಷ ದೊಡ್ಡ ಕಂಪನಿಗಳ ಫೋನುಗಳಲ್ಲೂ ಮುಂಭಾಗದ ಕ್ಯಾಮೆರಾ ಮತ್ತು ವಿಡಿಯೊ ಕರೆ ಬಂದವು. ಮುಂದೆ ಜಾಲದ ವೇಗ ಹೆಚ್ಚಿತು. ಇಂದು ನಮ್ಮ ಹಳ್ಳಿಗಳಲ್ಲೂ ಸಾಧಾರಣ ಸ್ಮಾರ್ಟ್ ಫೋನಿನಿಂದ ಸನ್ನೆಯಲ್ಲಿ ಮಾತನಾಡಬಹುದು. ಆದರೂ ಮುಖ ಕಾಣಬೇಕು, ಹಿನ್ನೆಲೆ ಸರಳವಾಗಿರಬೇಕು ಎಂಬ ಸಿಯಾಟಲ್ ಪಾಠ ಇಂದಿಗೂ ನಮ್ಮ ವಿಡಿಯೊ ಕರೆಗಳಿಗೆ ಅನ್ವಯಿಸುತ್ತದೆ.

ಕೈಗವಸು ಕಲಿಸಿದ ಪಾಠ

2016ರಲ್ಲಿ ಅದೇ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸನ್ನೆಯನ್ನು ಮಾತಾಗಿ ತಿರುಗಿಸುವ ಕೈಗವಸು ತಯಾರಿಸಿದರು. ಅದಕ್ಕೆ ಬಹುಮಾನವೂ ಬಂತು, ಪತ್ರಿಕೆಗಳಲ್ಲಿ ಹೊಗಳಿಕೆಯೂ ಬಂತು. ಆದರೆ ಕಿವುಡ ಸಮುದಾಯದವರು ಮತ್ತು ಸನ್ನೆ ಭಾಷೆಯ ವಿದ್ವಾಂಸರು ಒಪ್ಪಲಿಲ್ಲ. ಕೈಗವಸು ಕೈಯನ್ನಷ್ಟೇ ಓದುತ್ತದೆ. ಮುಖದಲ್ಲಿರುವ ವ್ಯಾಕರಣವನ್ನು ಅದು ನೋಡಲಾರದು. ಜೊತೆಗೆ, ಕಿವುಡರ ಮಾತು ನಮಗೆ ತಿಳಿಯುವಂತೆ ಮಾಡುವುದಷ್ಟೇ ಅದರ ಕೆಲಸ. ನಮ್ಮ ಮಾತು ಅವರಿಗೆ ತಿಳಿಯುವ ವ್ಯವಸ್ಥೆ ಅದರಲ್ಲಿರಲಿಲ್ಲ. ಎಲ್ಲ ಶ್ರಮವೂ ಕಿವುಡರದೇ.

ಸನ್ನೆಯನ್ನು ಕ್ಯಾಮೆರಾದಿಂದ ಗುರುತಿಸುವ ಸಾಧನಗಳ ಸುದ್ದಿ ಈಗ ಆಗಾಗ ಬರುತ್ತಿರುತ್ತದೆ. ಅಂಥದನ್ನು ನಂಬಿ ದುಡ್ಡು ಸುರಿಯುವ ಮುನ್ನ ಎರಡು ಪ್ರಶ್ನೆ ಕೇಳಿ: ಇದನ್ನು ತಯಾರಿಸುವಾಗ ಕಿವುಡರು ಜೊತೆಯಲ್ಲಿದ್ದರೇ? ಇದು ನಮ್ಮ ದೇಶದ ಸನ್ನೆ ಭಾಷೆಯನ್ನು ಬಲ್ಲದೇ? ಅಮೆರಿಕದ ಸನ್ನೆಯೇ ಬೇರೆ, ಭಾರತದ್ದೇ ಬೇರೆ ಎಂಬುದು ನೆನಪಿರಲಿ.

ಮಾತು ಅಕ್ಷರವಾಗುವ ಬಗೆ

ಓದುಬರಹ ಚೆನ್ನಾಗಿ ಬಲ್ಲ ಎರಡನೆಯ ಗುಂಪಿನವರಿಗೆ ವರದಾನವಾಗಿರುವುದು, ಆಡಿದ ಮಾತನ್ನು ಆಗಿಂದಾಗ ಅಕ್ಷರವಾಗಿ ತೋರಿಸುವ ಸೌಲಭ್ಯ. ಗೂಗಲ್ ಕಂಪನಿಯು 2019ರ ಫೆಬ್ರುವರಿಯಲ್ಲಿ 'ಲೈವ್ ಟ್ರಾನ್ಸ್‌ಕ್ರೈಬ್' ಎಂಬ ಆ್ಯಪ್ ಹೊರತಂದಿತು. ಬಾಲ್ಯದಿಂದಲೇ ಕಿವುಡರಾದ ವಿಜ್ಞಾನಿ ದಿಮಿತ್ರಿ ಕನೆವ್‌ಸ್ಕಿ ಇದರ ಹಿಂದಿದ್ದವರಲ್ಲಿ ಪ್ರಮುಖರು, ವಾಷಿಂಗ್ಟನ್ ಡಿ.ಸಿ.ಯಲ್ಲಿರುವ ಕಿವುಡರ ಗ್ಯಾಲಡೆಟ್ ವಿಶ್ವವಿದ್ಯಾಲಯವೂ ಕೈಜೋಡಿಸಿತ್ತು. ಗೂಗಲ್‌ನ ಧ್ವನಿ ಗುರುತಿಸುವ ವ್ಯವಸ್ಥೆಗೆ ಕನ್ನಡ ಸೇರಿದ್ದು 2017ರಲ್ಲಿ. ಫೋನನ್ನು ಮೇಜಿನ ಮೇಲಿಟ್ಟು ಎದುರಿನವರು ಮಾತನಾಡಿದರೆ ಪರದೆಯಲ್ಲಿ ಸಾಲುಗಳು ಮೂಡುತ್ತಾ ಹೋಗುತ್ತವೆ.

ಇಲ್ಲಿ ವೈದ್ಯನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಯಂತ್ರ ಶಾಂತವಾದ ಕೋಣೆಯಲ್ಲಿ, ಒಬ್ಬರೇ ನಿಧಾನವಾಗಿ ಆಡುವ ಮಾತನ್ನು ಚೆನ್ನಾಗಿ ಗ್ರಹಿಸುತ್ತದೆ. ಆಸ್ಪತ್ರೆಯ ಹೊರರೋಗಿ ವಿಭಾಗದ ಗದ್ದಲದಲ್ಲಿ, ಇಬ್ಬರು ಒಟ್ಟಿಗೆ ಮಾತನಾಡಿದಾಗ, ಊರೂರಿನ ಆಡುಮಾತಿನಲ್ಲಿ ಅದು ತಪ್ಪುತ್ತದೆ. ಔಷಧಿಗಳ ಹೆಸರಿನಲ್ಲಂತೂ ತಪ್ಪು ಸಾಮಾನ್ಯ. ನಮ್ಮ ಕನ್ನಡದಲ್ಲಿ ಇನ್ನೊಂದು ಅಪಾಯವಿದೆ. "ತೆಗೆದುಕೊಳ್ಳಬಹುದು" ಎಂಬುದಕ್ಕೂ "ತೆಗೆದುಕೊಳ್ಳಬಾರದು" ಎಂಬುದಕ್ಕೂ, "ನಿಲ್ಲಿಸಬೇಕು" ಎಂಬುದಕ್ಕೂ "ನಿಲ್ಲಿಸಬೇಡಿ" ಎಂಬುದಕ್ಕೂ ವ್ಯತ್ಯಾಸ ಪದದ ಬಾಲದಲ್ಲಿದೆ. ಆ ಬಾಲವೊಂದು ತಪ್ಪಿದರೆ ಅರ್ಥವೇ ತಿರುಗುಮುರುಗು. ಆದ್ದರಿಂದ ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ದಿನ, ಏನು ಮಾಡಬಾರದು ಎಂಬುದನ್ನು ಪರದೆ ನೋಡಿ ನಂಬದೆ, ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ.

ಬಾಗಿಲ ಗಂಟೆ, ಮಗುವಿನ ಅಳು, ಹೊಗೆಯ ಎಚ್ಚರಿಕೆ ಗಂಟೆಗಳನ್ನು ಗುರುತಿಸಿ ಫೋನು ನಡುಗುವಂತೆ, ದೀಪ ಮಿನುಗುವಂತೆ ಮಾಡುವ ಸೌಲಭ್ಯ 2020ರಿಂದ ಈಚಿನ ಅನೇಕ ಫೋನುಗಳಲ್ಲಿದೆ. ಎಳೆಮಗುವಿನ ಕಿವುಡ ತಾಯಂದಿರಿಗೆ ಇದು ಸಹಾಯಕ. ಆದರೆ ಇದನ್ನೇ ಪೂರ್ತಿ ನಂಬಿ ಮಲಗಬಾರದು. ಹೊಟ್ಟೆಗಿಲ್ಲದ ಮಗುವಿನ ಸಣ್ಣ ನರಳಿಕೆ ಯಂತ್ರಕ್ಕೆ ತಿಳಿಯುವುದಿಲ್ಲ.

ಅಜ್ಜನ ಫೋನು

ಈಗ ಮೊದಲ ಗುಂಪಿಗೆ ಬರೋಣ. ವಯಸ್ಸಾದಂತೆ ಮೊದಲು ಕುಗ್ಗುವುದು ಏರುಸ್ವರದ ಧ್ವನಿಗಳನ್ನು ಕೇಳುವ ಶಕ್ತಿ. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಹಾಗಾಗಿ ಹಿರಿಯರು "ಕೇಳಿಸುತ್ತದೆ, ಆದರೆ ಏನು ಹೇಳಿದೆ ಎಂದು ತಿಳಿಯುವುದಿಲ್ಲ" ಎನ್ನುತ್ತಾರೆ. ಸಾಂಪ್ರದಾಯಿಕ ಟೆಲಿಫೋನು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಮೊದಲೇ ಮಸುಕಾದ ವ್ಯಂಜನಗಳು ಅಲ್ಲಿ ಇನ್ನಷ್ಟು ಕತ್ತರಿಸಿಹೋಗುತ್ತವೆ. ಮೇಲಾಗಿ ತುಟಿಯ ಚಲನೆ ಕಾಣುವುದಿಲ್ಲ. ಆದ್ದರಿಂದ ನೀವು ಫೋನಿನಲ್ಲಿ ಕಿರುಚಿದರೆ ಪ್ರಯೋಜನವಿಲ್ಲ. ನಿಧಾನವಾಗಿ, ಸ್ಪಷ್ಟವಾಗಿ ಹೇಳಿ. ಸಾಧ್ಯವಾದರೆ ವಿಡಿಯೊ ಕರೆ ಮಾಡಿ. ನಿಮ್ಮ ತುಟಿ ಕಂಡರೆ ಅರ್ಧ ಮಾತು ಅವರಿಗೆ ಕಣ್ಣಿನಿಂದಲೇ ತಿಳಿಯುತ್ತದೆ.

ಶ್ರವಣ ಸಾಧನ ಹಾಕುವವರು ಅನೇಕ ವೇಳೆ ಫೋನು ಬಂದಾಗ ಅದನ್ನು ಕಳಚಿಡುತ್ತಾರೆ. ಹಾಗೆ ಮಾಡಬೇಕಿಲ್ಲ. ಕಿವಿಯ ಹಿಂದೆ ಕೂರುವ ಸಾಧನದಲ್ಲಿ ಮೈಕು ಇರುವುದು ಕಿವಿಯ ಮೇಲ್ಭಾಗದಲ್ಲಿ; ಫೋನನ್ನು ಕಿವಿಯ ರಂಧ್ರಕ್ಕೆ ಒತ್ತದೆ ಆ ಮೈಕಿನ ಬಳಿ ಸ್ವಲ್ಪ ಓರೆಯಾಗಿ ಹಿಡಿದರೆ ಸಿಳ್ಳೆ ಶಬ್ದವೂ ಬರುವುದಿಲ್ಲ, ಮಾತೂ ಕೇಳಿಸುತ್ತದೆ. ಕೆಲವು ಸಾಧನಗಳಲ್ಲಿ 'ಟಿ' ಎಂಬ ಗುಂಡಿ ಇರುತ್ತದೆ. ಅದು ಹೊಂದುವ ಫೋನಿನ ಧ್ವನಿಯನ್ನು ಸುತ್ತಲಿನ ಗದ್ದಲವಿಲ್ಲದೆ ನೇರವಾಗಿ ಹಿಡಿಯುತ್ತದೆ. ಹೊಸ ಬಗೆಯ ಅನೇಕ ಸಾಧನಗಳು ಬ್ಲೂಟೂತ್ ಮೂಲಕ ಫೋನಿನ ಧ್ವನಿಯನ್ನು ನೇರವಾಗಿ ಕಿವಿಗೇ ತಲುಪಿಸುತ್ತವೆ. ಹಿಂದಿನ ಮೊಬೈಲುಗಳು ಶ್ರವಣ ಸಾಧನದಲ್ಲಿ ಗುಂಯ್ ಎಂಬ ಸದ್ದು ಮಾಡುತ್ತಿದ್ದವು. ಅಮೆರಿಕದಲ್ಲಿ ಇದಕ್ಕಾಗಿ 2003ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಫೋನು ಕೊಳ್ಳುವಾಗ ಅಂಗಡಿಯಲ್ಲೇ ಸಾಧನ ಹಾಕಿಕೊಂಡು ಒಂದು ಕರೆ ಮಾಡಿ ನೋಡುವುದು ಒಳ್ಳೆಯದು.

ಫೋನು ಮಾಡಲಾರದ ಕೆಲಸ

ಫೋನು ಎಷ್ಟೇ ಜಾಣನಾದರೂ ಕಿವಿಯ ಪರೀಕ್ಷೆಗೆ ಅದು ಬದಲಿಯಲ್ಲ. ಕಿವಿ ಮಂದವಾದ ಎಲ್ಲರಿಗೂ ಸಾಧನವೇ ಬೇಕೆಂದೂ ಇಲ್ಲ. ಗುಗ್ಗೆ ತುಂಬಿಕೊಂಡದ್ದು, ನಡುಗಿವಿಯಲ್ಲಿ ನೀರು ನಿಂತದ್ದು ಚಿಕಿತ್ಸೆಯಿಂದ ಗುಣವಾಗುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲಿ ಕೇಳದಂತಾದರೆ ಅದು ತುರ್ತು ಸ್ಥಿತಿ. "ಶೀತಕ್ಕೆ ಕಿವಿ ಕಟ್ಟಿದೆ" ಎಂದು ಎಣ್ಣೆ ಬಿಟ್ಟುಕೊಂಡು ಕೂರದೆ ಕೂಡಲೇ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಬೇಗ ಔಷಧಿ ಆರಂಭಿಸಿದರೆ ಶ್ರವಣ ಮರಳುವ ಸಂಭವ ಹೆಚ್ಚು.

ಮಕ್ಕಳ ವಿಷಯದಲ್ಲಿ ಕಾಲ ಇನ್ನೂ ಅಮೂಲ್ಯ. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ತರಬೇತಿಯ ಆರಂಭ ಎಂಬುದು ವೈದ್ಯರು ಒಪ್ಪಿರುವ ಸೂತ್ರ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಸಾಧನ, ತರಬೇತಿ ಎಲ್ಲವೂ ಒಂದೇ ಕಡೆ ದೊರೆಯುತ್ತವೆ.

ಕಿವುಡ ಮಗುವಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಿರಿಸುವುದು ಮಾತ್ರ ದೊಡ್ಡ ಅಪರಾಧ. ಮಗುವಿಗೆ ಭಾಷೆ ಬರುವುದು ಜನರಿಂದ, ಪರದೆಯಿಂದ ಅಲ್ಲ. ಅಮೆರಿಕದಲ್ಲಿ ನಡೆದ ಲೆಕ್ಕಾಚಾರದಂತೆ ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವರ ತಂದೆ ತಾಯಿಗೆ ಕಿವಿ ಕೇಳುತ್ತದೆ. ಎಂದರೆ ಮನೆಯಲ್ಲಿ ಸನ್ನೆ ಭಾಷೆ ಯಾರಿಗೂ ಬರುವುದಿಲ್ಲ. ಯಾವ ಭಾಷೆಯೂ ದೊರೆಯದೆ ಮೊದಲ ಐದು ವರ್ಷ ಕಳೆದುಹೋದರೆ, ಮುಂದೆ ಎಂಥ ಫೋನು ಕೊಟ್ಟರೂ ಅದರಲ್ಲಿ ಹೇಳಲು ಮಾತೇ ಇರುವುದಿಲ್ಲ. ಸನ್ನೆ ಕಲಿತರೆ ಮಗು ಮಾತು ಕಲಿಯುವುದಿಲ್ಲವೆಂಬ ಭಯಕ್ಕೆ ಆಧಾರವಿಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳ ಸನ್ನೆ ನಿಘಂಟನ್ನು ಹೊರತಂದಿದೆ. 2022ರಲ್ಲಿ 'ಸೈನ್ ಲರ್ನ್' ಎಂಬ ಆ್ಯಪನ್ನೂ ಬಿಡುಗಡೆ ಮಾಡಿದೆ. ಇಲ್ಲಿ ಫೋನು ನಿಜಕ್ಕೂ ಉಪಕಾರಿ: ಮಗುವಿಗಲ್ಲ, ಸನ್ನೆ ಕಲಿಯಬೇಕಾದ ತಂದೆ ತಾಯಿಗೆ, ಅಕ್ಕ ಅಣ್ಣಂದಿರಿಗೆ.

ಮನೆಯವರು ಮಾಡಬೇಕಾದ್ದು

1. ಮೊದಲು ಅವರನ್ನೇ ಕೇಳಿ. ಸಂದೇಶ ಬೇಕೇ, ವಿಡಿಯೊ ಬೇಕೇ, ಜೋರಾದ ಧ್ವನಿ ಸಾಕೇ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

2. ಫೋನಿನ ಸೆಟ್ಟಿಂಗ್‌ನಲ್ಲಿ ಕಂಪನವನ್ನೂ, ಕರೆ ಬಂದಾಗ ದೀಪ ಮಿನುಗುವ ಸೌಲಭ್ಯವನ್ನೂ ಚಾಲೂ ಮಾಡಿಕೊಡಿ.

3. ವಿಡಿಯೊ ಕರೆಯಲ್ಲಿ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ. ಹಿಂದೆ ಹೂವಿನ ಚಿತ್ತಾರದ ಪರದೆ ಬೇಡ. ಫೋನನ್ನು ಯಾವುದಕ್ಕಾದರೂ ಆನಿಸಿಟ್ಟರೆ ಎರಡೂ ಕೈ ಬಿಡುವಾಗುತ್ತವೆ. ತಲೆಯಿಂದ ಸೊಂಟದವರೆಗೆ ಕಾಣಲಿ.

4. ವೈದ್ಯರಿಗೆ ಕಳಿಸುವ ಸಂದೇಶ ಚಿಕ್ಕದಾಗಿ, ಪೂರ್ತಿಯಾಗಿ ಇರಲಿ. ಉದಾಹರಣೆಗೆ: "ನನಗೆ ಕಿವಿ ಕೇಳುವುದಿಲ್ಲ. ಕರೆ ಮಾಡಬೇಡಿ, ಬರೆಯಿರಿ. ಮಗು, 2 ವರ್ಷ, 12 ಕಿಲೊ. ನಿನ್ನೆಯಿಂದ ಜ್ವರ 102. ಮೂರು ಸಲ ವಾಂತಿ. ನೀರು ಕುಡಿಯುತ್ತಿದೆ. ಈಗ ಬರಬಹುದೇ?" ಮೊದಲ ಎರಡು ಸಾಲನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಪ್ರತಿಸಲ ಟೈಪು ಮಾಡುವ ಶ್ರಮ ತಪ್ಪುತ್ತದೆ. ಆದರೆ ಫಿಟ್ಸ್, ಉಸಿರಾಟದ ಕಷ್ಟ, ಎದೆನೋವು ಇದ್ದರೆ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

5. ಆಸ್ಪತ್ರೆ, ಪ್ರಯೋಗಾಲಯ, ಬ್ಯಾಂಕುಗಳ ದಾಖಲೆಯಲ್ಲಿ "ಕರೆ ಬೇಡ, ಸಂದೇಶ ಕಳಿಸಿ" ಎಂದು ಬರೆಸಿ. ಇದು ದಯೆಯ ಪ್ರಶ್ನೆಯಲ್ಲ. ಸನ್ನೆ ಭಾಷೆಯೂ ಸಂವಹನದ ಒಂದು ರೂಪವೆಂದು 2016ರ ಕಾಯಿದೆಯೇ ಒಪ್ಪಿದೆ.

6. ತುರ್ತಿಗಾಗಿ '112 ಇಂಡಿಯಾ' ಆ್ಯಪನ್ನು ಮೊದಲೇ ಹಾಕಿ, ಬಳಸುವ ಬಗೆಯನ್ನು ಕಲಿಸಿಡಿ. ಅದೊಂದನ್ನೇ ನೆಚ್ಚದೆ, ಕಿವಿ ಕೇಳುವ ನೆರೆಮನೆಯವರೊಬ್ಬರಿಗೆ ಒಂದು ಗುರುತಿನ ಸಂದೇಶವನ್ನು ಹೇಳಿಟ್ಟಿರಿ. ಅದು ಬಂದೊಡನೆ ಅವರು ಬಾಗಿಲಿಗೆ ಬರಬೇಕು.

7. ಆಸ್ಪತ್ರೆಯಲ್ಲಿ ಎಂಟು ಹತ್ತು ವರ್ಷದ ಮಗುವನ್ನು ದುಭಾಷಿಯಾಗಿ ನಿಲ್ಲಿಸಬೇಡಿ. ತಾಯಿಯ ಗಡ್ಡೆಯ ವಿಷಯ, ತಂದೆಯ ಕುಡಿತದ ವಿಷಯ ಆ ಮಗುವಿನ ಬಾಯಿಂದ ಬರಬಾರದು. ಫೋನಿನ ಅಕ್ಷರವೋ, ವಿಡಿಯೊದಲ್ಲಿ ಸನ್ನೆ ಬಲ್ಲ ದೊಡ್ಡವರೋ ಆ ಕೆಲಸ ಮಾಡಲಿ.

8. ವೈದ್ಯರು ಮುಖಗವಸು ಹಾಕಿದ್ದರೆ ತುಟಿ ಕಾಣುವುದಿಲ್ಲ ಎಂದು ಸಂಕೋಚವಿಲ್ಲದೆ ಹೇಳಿ, ಬರೆದು ತೋರಿಸಲು ಕೇಳಿ.

ಕೊನೆಯ ಮಾತು

ಟೆಲಿಪ್ರಿಂಟರಿನಿಂದ ಹಿಡಿದು ಇಂದಿನ ಆ್ಯಪ್‌ವರೆಗೆ ಕಿವುಡರಿಗೆ ಉಪಯೋಗಕ್ಕೆ ಬಂದ ಸಾಧನಗಳಲ್ಲಿ ಹೆಚ್ಚಿನವು ಕಿವುಡರು ತಾವೇ ಮಾಡಿದ್ದು, ಇಲ್ಲವೇ ಅವರನ್ನು ಕೇಳಿ ಮಾಡಿದ್ದು. ಮನೆಯಲ್ಲೂ ಇದೇ ನಿಯಮ. ಸಾವಿರಾರು ರೂಪಾಯಿಯ ಫೋನು ಕೊಡಿಸಿ, ಅದಕ್ಕೆ ಮತ್ತೆ ಮತ್ತೆ ಕರೆ ಮಾಡಿ, "ಎತ್ತುವುದೇ ಇಲ್ಲ" ಎಂದು ಗೊಣಗುವವರು ಎಷ್ಟೋ ಜನ. ಸಾಧನದ ಒಂದು ತುದಿಯಲ್ಲಿ ಕಿವುಡರು ಇದ್ದರೆ ಇನ್ನೊಂದು ತುದಿಯಲ್ಲಿ ಇರುವವರು ನಾವು. ಆ ತುದಿಯನ್ನು ಸರಿಪಡಿಸಲು ದುಡ್ಡೇನೂ ಬೇಕಿಲ್ಲ. ನಾಲ್ಕು ಸಾಲು ಬರೆಯುವ ತಾಳ್ಮೆ, ನಾಲ್ಕು ಸನ್ನೆ ಕಲಿಯುವ ಮನಸ್ಸು ಇದ್ದರೆ ಸಾಕು.